ಗೆಳೆಯರನ್ನ ಹೊರಗೆ ಕರೆಯೋ ಆಡುಮಾತಿನ ಫ್ರೆಂಚ್: "ಸಾ ತ ದಿ?" ಇಂದ ರೈಲು ಹತ್ತೋವರೆಗೆ

ನೇರಳೆಮರ
ಓದಕ್ಕೆ ಅಂತ ಫ್ರಾನ್ಸಿಗೆ ಹೊರಟಿರೋರು ಈ ಗುಂಪಲ್ಲಿ ನಾಲ್ಕೈದು ಜನ ಇದೀವಿ. ಬಿ1 (ಮಧ್ಯಮ) ಮಟ್ಟದ ಪಾಠ ಮುಗಿದಿದೆ. ಕಲಿತದ್ದು "ವೂಲೆ ವೂ ವನಿರ್ ಅವೆಕ್ ಮ್ವಾ?" (ನನ್ನ ಜೊತೆ ಬರ್ತೀರಾ), "ವೊ ತ್ಯು ಆಲೆ ಓ ಪಾರ್ಕ್?" (ಪಾರ್ಕಿಗೆ ಹೋಗ್ತೀಯಾ) ಥರದ್ದು. ಫ್ರೆಂಚ್ ಹುಡುಗ ಹುಡುಗೀರು ತಮ್ಮತಮ್ಮಲ್ಲಿ ಮಾತಾಡೋದು ಕೇಳಿದ್ರೆ ಇದ್ಯಾವುದೂ ಕಿವಿಗೆ ಬೀಳಲ್ಲ. "ಸಂಜೆ ಪಾರ್ಕಿಗೆ ಹೋಗೋಣ್ವಾ", "ಭಾನುವಾರ ಟ್ರೆಕ್ಕಿಗೆ ಬರ್ತೀಯಾ" ಅಂತ ಸಲೀಸಾಗಿ ಕೇಳೋದು ಹೇಗೆ? ಅವರ ಉತ್ತರ ಹೌದೋ ಅಲ್ಲವೋ ಅಂತ ತಿಳಿಯೋದು ಹೇಗೆ? ಉಚ್ಚಾರ ಕನ್ನಡದಲ್ಲೇ ಬರೆದ್ರೆ ಉಪಕಾರ.

ಕಾಫಿ_ಚಿಕ್ಕು
ಮೊದಲು ಬರವಣಿಗೆ ಬಗ್ಗೆ ಒಂದು ಒಪ್ಪಂದ, ಇಲ್ದಿದ್ರೆ ಮುಂದೆ ಗಲಿಬಿಲಿ. ಒಂ, ಆಂ, ಆ್ಯಂ ಅಂತ ಬರೆದಿರೋದೆಲ್ಲ ಮೂಗಿನ ಸ್ವರ. "ಒಂ ವಾ" ಅನ್ನೋವಾಗ ತುಟಿ ಕೂಡಬಾರದು, ನಾಲಿಗೆ ಹಲ್ಲಿಗೆ ತಾಗಬಾರದು. ಅನುಸ್ವಾರ ಕಂಡ ಕೂಡಲೇ ಮ್ ಅಥವಾ ನ್ ಅಂತ ಮುಗಿಸೋ ನಮ್ಮ ಚಾಳಿ ಇಲ್ಲಿ ಬೇಡ. "ತ್ಯು" (ನೀನು) ಅನ್ನೋಕೆ ತುಟಿ ಊ ಅನ್ನೋ ಹಾಗೆ ಗುಂಡಗೆ, ನಾಲಿಗೆ ಮಾತ್ರ ಈ ಅನ್ನೋ ಜಾಗದಲ್ಲಿ. ಬರೀ "ತೂ" ಅಂದ್ರೆ "ಎಲ್ಲ" ಅಂತಾಗತ್ತೆ. ಒಂದು ಅನುಕೂಲನೂ ಇದೆ: ಫ್ರೆಂಚಿನ ತ, ದ ಎರಡೂ ನಮ್ಮವೇ, ಹಲ್ಲಿಗೆ ತಾಗಿ, ಉಸಿರು ಊದದೆ. ಇಂಗ್ಲಿಷಿನ ಟ, ಡ ಎಳ್ಕೊಂಡು ಬರಬೇಡಿ ಅಷ್ಟೆ.

ಈಗ ವಿಷಯ. ನಿಮ್ಮ "ಹೋಗೋಣ್ವಾ?" ಇದ್ಯಲ್ಲ, ಅದರ ಜಾಗದಲ್ಲಿ ಅವರು ಹೇಳೋದು "ಒಂ ವಾ...?" ಪುಸ್ತಕದಲ್ಲಿ ನಾವು ಅನ್ನೋಕೆ "ನೂ" ಇದೆ. ಮಾತಲ್ಲಿ ಆ ಜಾಗವನ್ನ "ಒಂ" ತಗೊಂಡಿದೆ, ಕ್ರಿಯಾಪದ ಏಕವಚನದ್ದು. "ಒಂ ವಾ ಓ ಪಾರ್ಕ್?" ಅಂತ ಕೊನೇಲಿ ದನಿ ಏರಿಸಿದ್ರೆ ಪ್ರಶ್ನೆ ಆಯ್ತು. ಪದಗಳನ್ನ ತಿರುಗಿಸೋದು ಬೇಡ, ಪ್ರಶ್ನೆ ಶುರು ಮಾಡೋ "ಎಸ್ ಕ" ಕೂಡ ಬೇಡ. "ಆಲೊಂ ಓ ಪಾರ್ಕ್" ವ್ಯಾಕರಣಕ್ಕೆ ಸರಿ, ಆದರೆ ಶಾಲೆ ಪ್ರವಾಸದ ಮೇಷ್ಟ್ರು ಮಕ್ಕಳನ್ನ ಹೊರಡಿಸಿದ ಹಾಗಿರತ್ತೆ.

ಜಾಗದ ಹೆಸರು ಹೇಳದಿದ್ರೆ ಆ ಜಾಗಕ್ಕೆ ಬದಲಿಯಾಗಿ "ಇ" ಬೇಕೇ ಬೇಕು: "ಒಂನಿ ವಾ ಸಮ್ದಿ?" (ಶನಿವಾರ ಅಲ್ಲಿಗೆ ಹೋಗೋಣ್ವಾ). "ಒಂ ವಾ ಸಮ್ದಿ" ಅಂದ್ರೆ ವಾಕ್ಯ ಅರ್ಧಕ್ಕೇ ನಿಂತ ಹಾಗೆ. ಕನ್ನಡದಲ್ಲಿ "ಶನಿವಾರ ಹೋಗೋಣ್ವಾ" ಅಂದ್ರೆ ಸಾಕಾಗೋದ್ರಿಂದ ಇದು ನಮ್ಮವರಿಗೆ ತಪ್ಪಿಹೋಗತ್ತೆ. ಏನೂ ಸೇರಿಸದೆ "ಒಂನಿ ವಾ?" ಅಂದ್ರೆ "ಹೊರಡೋಣ್ವಾ?", ಈಗಿಂದೀಗ.

ಬಿದಿರು_ಮೆಳೆ
"ಸಾ ತ ದಿ?" ಬಗ್ಗೆ ನಾನು ಬರೀತೀನಿ, ಅದೇ ಮುಖ್ಯ. ಅರ್ಥ ಹೆಚ್ಚುಕಡಿಮೆ "ನಿಂಗೆ ಇಷ್ಟಾನಾ?", "ಮನಸ್ಸಿದ್ಯಾ?" ನಮ್ಮ "ನಿಂಗೆ" ಥರಾನೇ ಅವರದ್ದೂ ಚತುರ್ಥಿ ("ತ" = ನಿನಗೆ), ಹಾಗಾಗಿ ಕನ್ನಡದವರಿಗೆ ಇದು ಬೇಗ ಹಿಡಿಯತ್ತೆ. ಮುಂದೆ ಏನು ಜೋಡಿಸ್ತೀರಿ ಅನ್ನೋದರ ಮೇಲೆ ಮೂರು ಥರ:

ನಾಮಪದ ಬಂದ್ರೆ ನೇರವಾಗಿ: "ಸಾ ತ ದಿ, ಯೂನ್ ಬಲಾದ್?" (ಒಂದು ಸುತ್ತು ನಡೆದು ಬರೋಣ್ವಾ).
ಕ್ರಿಯೆ ಬಂದ್ರೆ ನಡುವೆ "ದ": "ಸಾ ತ ದಿ ದ ಫೆರ್ ಯೂನ್ ರಾಂದೊ?" (ಟ್ರೆಕ್ ಮಾಡೋಣ್ವಾ). ಈ "ದ" ಬಿಡೋದು, ಅದರ ಬದಲು "ಆ" ಹಾಕೋದು, ಎರಡೂ ತಪ್ಪು.
"ನಾವು" ಅಂತ ಸೇರಿಸಿದ್ರೆ ಕ್ರಿಯಾಪದದ ರೂಪ ಬದಲು: "ಸಾ ತ ದಿ ಕೊಂನಾಯ್ ಸ ಬೆನ್ಯೆ?" (ನಾವಿಬ್ರೂ ಈಜಕ್ಕೆ ಹೋಗೋದು). ಇದು ಸಬ್ಜಂಕ್ಟಿವ್ (ಇಷ್ಟ, ಬೇಕು ಥರದ ಮಾತಿನ ಮುಂದೆ ಬರೋ ಕ್ರಿಯಾರೂಪ). ಬಾಯಿಗೆ ಬರದಿದ್ರೆ ಎರಡನೇದರಲ್ಲೇ ಇರಿ, ಯಾರೂ ಏನೂ ಅನ್ಕೊಳಲ್ಲ.

ಬೇಗಬೇಗ ಮಾತಾಡುವಾಗ "ಸಾ ತ ದಿ" ಕುಗ್ಗಿ "ಸಾತ್ದಿ" ಆಗತ್ತೆ. ಇನ್ನಷ್ಟು ಮೆತ್ತಗೆ ಕೇಳಬೇಕಾದ್ರೆ "ಸಾ ತ ದಿರೆ ದ...?" ಈಗಷ್ಟೇ ಪರಿಚಯ ಆದವರಿಗೆ ಇದು ಒಳ್ಳೇದು, ಬೇಡ ಅನ್ನೋಕೆ ಜಾಗ ಬಿಟ್ಟಿರತ್ತೆ. "ಸಾ ತ ತಾಂತ್?" (ಆಸೆ ಆಗ್ತಿದ್ಯಾ) ಅನ್ನೋದೂ ಇದೇ ಅಚ್ಚಿನದು. "ಸಾ ತ ಬ್ರಾಂಶ್?" ಅಂದ್ರೆ ಅರ್ಥ ಆಗತ್ತೆ, ಸ್ವಲ್ಪ ಹಳೇ ತಲೆಮಾರಿನ ಮಾತು.

ಗುಂಪಿಗೆ ಕೇಳುವಾಗ "ತ" ಹೋಗಿ "ವೂ": "ಸಾ ವೂ ದಿ?" ಇಲ್ಲಿ "ವೂ" ಬಂದದ್ದು ಬಹುವಚನಕ್ಕೆ, ಮರ್ಯಾದೆಗಲ್ಲ. ಒಬ್ಬನೇ ಗೆಳೆಯನಿಗೆ "ಸಾ ವೂ ದಿ" ಅಂದ್ರೆ ದೂರ ಇಟ್ಟ ಹಾಗೆ.

ಪೇಡೆ_ಪ್ರಿಯ
ಇನ್ನೊಂದು ಅಚ್ಚು ಬಿಟ್ರಿ ನೋಡ್ರಿ. "ಎ ಸಿ ಒಂನಾಲೆ ಓ ಲಾಕ್?" ಕೆರಿ ಕಡೆ ಹೋದ್ರ ಹೆಂಗ? ನಮ್ಮ ಮಾತಿನ್ಯಾಗ "ಹೋದ್ರ" ಅಂತ ಭೂತಕಾಲದ ರೂಪ ಬರ್ತದಲ್ಲ, ಫ್ರೆಂಚಿನ್ಯಾಗೂ "ಸಿ" ಆದ ಮ್ಯಾಲೆ ಭೂತಕಾಲದ್ದ (ಆ್ಯಂಪಾರ್ಫೆ) ಬರ್ತದ. "ಸಿ ಒಂನಿರೆ" ಅಂತ ಷರತ್ತಿನ ರೂಪ ಹಾಕಬ್ಯಾಡ್ರಿ. ಅಲ್ಲಿ ಸಾಲಿ ಹುಡುಗ್ರಿಗೂ ಇದ ತಪ್ಪಿಗೆ ಮಾಸ್ತರು ಬೈತಾರ. "ಸಿ" ಅನ್ನೋದಕ್ಕ "ರೆ" ಕಂಡ್ರ ಆಗೂದಿಲ್ಲ ಅಂತ ಒಂದು ಬಾಯಿಪಾಠನ ಮಾಡಿಸ್ತಾರ.

ಮತ್ತ "ಒಂ ಸ ಫೆ..." (ಇಂಥಾದ್ದು ಮಾಡೂಣೇನು) ಅಂತ ಒಂದೈತಿ. "ಒಂ ಸ ಫೆ ಆ್ಯಂ ಪಿಕ್‌ನಿಕ್?", "ಒಂ ಸ ಫೆ ಆ್ಯಂ ಫುಟ್?", "ಒಂ ಸ ಫೆ ಯೂನ್ ರಾಂದೊ ದಿಮಾಂಶ್?" ಯಾವ ಕೆಲಸಾನ ಇರಲಿ, ಒಂದು ಹೆಸರು ಹಾಕಿದ್ರ ಮುಗೀತು. ಬಾಯಾಗ ಹಗುರ, ದೋಸ್ತರ ನಡುವ ಇದ ಜಾಸ್ತಿ. ಒಂದ ಎಚ್ಚರಿಕೆ: "ಸ ಫೆರ್" ಮುಂದ ಮನಿಷಾರ ಹೆಸರು ಹಾಕಬ್ಯಾಡ್ರಿ. ಅರ್ಥ ಒಂದೋ ಹೊಡೆಯೂದು, ಇಲ್ಲಾ ಹಾಸಿಗಿ ಮಾತು.

ಆಟಗಳಿಗೆ "ಫೆರ್ ದ್ಯು ವೆಲೊ" (ಸೈಕಲ್ಲು), "ಫೆರ್ ದ ಲೆಸ್ಕಲಾದ್" (ಬಂಡೆಗಲ್ಲು ಹತ್ತೂದು). ಚೆಂಡು, ಬ್ಯಾಟಿನ ಆಟಕ್ಕ "ಜುವೆ ಓ": "ಜುವೆ ಓ ಬಾದ್ಮಿನ್‌ತೊನ್".

ನೇರಳೆಮರ
"ಒಂ ಸೋರ್?" ಅಂತ ಕೇಳಬಹುದಾ? "ಹೊರಗೆ ಹೋಗೋಣ್ವಾ" ಅನ್ನೋದಕ್ಕೆ ಅದೇ ಸರಿ ಅನ್ಸತ್ತೆ.

ಬಿದಿರು_ಮೆಳೆ
ಗುಂಪಲ್ಲಿ "ಒಂ ಸೋರ್ ಸ ಸ್ವಾರ್?" (ಇವತ್ತು ರಾತ್ರಿ ಹೊರಗೆ ಹೋಗೋಣ್ವಾ) ಅನ್ನಬಹುದು. ಕೇಳಿದವರ ತಲೇಲಿ ಬರೋದು ಬಾರು, ಡ್ಯಾನ್ಸು. ಕಾಡು ಬೆಟ್ಟ ಅಲ್ಲ. ಅಪಾಯ ಇರೋದು "ಸೋರ್ತಿರ್ ಅವೆಕ್" ಅನ್ನೋದರಲ್ಲಿ. "ತ್ಯು ವೊ ಸೋರ್ತಿರ್ ಅವೆಕ್ ಮ್ವಾ?" ಅಂದ್ರೆ "ನನ್ನ ಪ್ರೀತಿಸ್ತೀಯಾ, ಜೋಡಿ ಆಗೋಣ್ವಾ" ಅಂತ. "ನನ್ ಜೊತೆ ಹೊರಗೆ ಬರ್ತೀಯಾ" ಅನ್ನೋದನ್ನ ಪದಕ್ಕೆ ಪದ ಇಟ್ಟು ಕೇಳಿದ್ರೆ ಸರಿಯಾಗಿ ಇಲ್ಲಿಗೇ ಬಂದು ಬೀಳ್ತೀರಿ. ಯಾವ ಅನುಮಾನಕ್ಕೂ ಎಡೆ ಇಲ್ಲದ ಹಾಗೆ ಕೇಳಬೇಕಾದ್ರೆ ಕೆಲಸದ ಹೆಸರು ಹೇಳಿ (ನಡಿಗೆ, ಸೈಕಲ್, ಈಜು), ಜೊತೆಗೆ ಇನ್ನೂ ಯಾರಾದ್ರೂ ಬರೋದಿದ್ರೆ ಅದನ್ನೂ ಸೇರಿಸಿ: "ಒಂ ವಾ ಮಾರ್ಶೆ ಅವೆಕ್ ಲೆ ಓತ್ರ್, ತ್ಯು ವ್ಯಾಂ?" (ಉಳಿದವರ ಜೊತೆ ನಡೆಯಕ್ಕೆ ಹೋಗ್ತಿದೀವಿ, ಬರ್ತೀಯಾ).

"ಜ ತ್ಯಾಂವಿತ್" ಅಂತ ಇನ್ನೊಂದು ಗುಂಡಿ ಇದೆ. ಅದು ಬರೀ ಕರೆಯೋದಲ್ಲ, "ಖರ್ಚು ನಂದು" ಅಂತ ಅರ್ಥ. ಹೋಟೆಲಿನ ಮಾತು ಬಂದಾಗಂತೂ ಬಿಲ್ಲು ನೇರ ನಿಮ್ಮ ಕಡೆಗೇ. ಆರು ಜನಕ್ಕೆ ಆ ಮಾತು ಆಡೋ ಮುಂಚೆ ಪರ್ಸ್ ನೋಡ್ಕೊಳಿ.

ಶೆಟ್ರ_ಬೊಂಡ
ಕ್ರಮ ಕೂಡ ಗೊತ್ತಿರ್ಲಿ. ಪದಗಳು ಸರಿ ಇದ್ದು ಕ್ರಮ ತಪ್ಪಿದ್ರೆ ಪ್ಲಾನ್ ಕೂಡಿ ಬರುದಿಲ್ಲ.

ಮೊದ್ಲು ಬಿಡುವು ಉಂಟಾ ಅಂತ ಕೇಳುದು: "ತ್ಯು ಫೆ ಕ್ವಾ ಸಮ್ದಿ?" (ಶನಿವಾರ ಏನ್ ಮಾಡ್ತಿ), "ತೆ ದಿಸ್ಪೊ ದಿಮಾಂಶ್?" (ಭಾನುವಾರ ಬಿಡುವುಂಟಾ), "ತಾ ಆ್ಯಂ ತ್ರ್ಯುಕ್ ದ ಪ್ರೆವ್ಯು?" (ಬೇರೆ ಏನಾದ್ರೂ ಇಟ್ಕೊಂಡಿದ್ಯಾ). ಆದ್ರೆ ಇದಿಷ್ಟನ್ನೇ ಕಳಿಸಿ ಸುಮ್ಮನೆ ಕೂರ್ಬೇಡಿ. ಎಂತಕ್ಕೆ ಕೇಳ್ತಿದ್ದಾರೆ ಅಂತ ಗೊತ್ತಾಗದೆ "ಬಿಡುವುಂಟು" ಅಂತ ಒಪ್ಪಿಕೊಳ್ಳುದು ಯಾರಿಗೂ ಇಷ್ಟ ಇಲ್ಲ. ಅದೇ ಮೆಸೇಜಲ್ಲಿ ವಿಷಯ ಹೇಳಿ.

ಎರಡನೇದು ಸಲಹೆ: "ಸಾ ತ ದಿ ದ..." ಅಥವಾ "ಒಂ ಸ ಫೆ..."

ಮೂರನೇದು ಬಿಗಿ ಮಾಡುದು. ಅದಕ್ಕೆ ಅವರ ಪದ "ಕಾಲೆ": "ಒಂ ಕಾಲ್ ಯೂನ್ ದಾತ್?" (ದಿನ ಗೊತ್ತು ಮಾಡುವನಾ). ಆಮೇಲೆ "ಒಂ ಸ ರತ್ರೂವ್ ಊ?" (ಎಲ್ಲಿ ಸಿಗುದು), "ಆ ಕೆಲ್ ಅರ್?" (ಎಷ್ಟು ಗಂಟೆಗೆ). ಈ ಮೂರನೇದು ಆಗುವವರೆಗೆ ಪ್ಲಾನ್ ಇಲ್ಲ ಅಂತ್ಲೇ ತಿಳ್ಕೊಳಿ. "ಫೋ ಕೊಂ ಸ ವುವಾ!" (ಒಮ್ಮೆ ಸಿಗ್ಬೇಕು ಮಾರಾಯ) ಅಂತ ಎಷ್ಟು ಪ್ರೀತಿಯಲ್ಲಿ ಹೇಳಿದ್ರೂ ಅದು ಆಮಂತ್ರಣ ಅಲ್ಲ, ನಮ್ಮಲ್ಲಿ "ಒಮ್ಮೆ ಮನೆಗೆ ಬನ್ನಿ" ಅಂದಷ್ಟೇ. ನಿಮಗೆ ನಿಜಕ್ಕೂ ಸಿಗ್ಬೇಕಿದ್ರೆ ಕೂಡ್ಲೇ "ಸಮ್ದಿ, ತೆ ದಿಸ್ಪೊ?" ಅಂತ ದಿನ ಮುಂದಿಡಿ.

ವಾರದ ಹೆಸರಲ್ಲಿ ಒಂದು ಸಣ್ಣ ಉಪದ್ರ. "ಸಮ್ದಿ" ಅಂದ್ರೆ ಈ ಶನಿವಾರ. "ಲ ಸಮ್ದಿ" ಅಂದ್ರೆ ಪ್ರತೀ ಶನಿವಾರ. "ಒಂ ವಾ ಓ ಪಾರ್ಕ್ ಲ ಸಮ್ದಿ" ಅಂತ ಬರೆದ್ರೆ "ನಾವು ಶನಿವಾರ ಶನಿವಾರ ಪಾರ್ಕಿಗೆ ಹೋಗುದು" ಅಂತ ಸುದ್ದಿ ಹೇಳಿದ ಹಾಗೆ ಆಗ್ತದೆ, ಯಾರೂ ಬರುದಿಲ್ಲ. ಈ ಶನಿವಾರ ಬಿಟ್ಟು ಅದರ ಮುಂದಿನದ್ದಕ್ಕೆ "ಸಮ್ದಿ ಆಂ ಯುಯಿತ್". "ಸಮ್ದಿ ಪ್ರೋಶ್ಯಾಂ" ಅಂದ್ರೆ ಯಾವುದು ಅಂತ ಅವರಲ್ಲೇ ಜಗಳ ಉಂಟು. ತಾರೀಕು ಬರೆಯುದು ಕ್ಷೇಮ. "ದಾಂ ಕ್ಯಾಂಜ್ ಜೂರ್" ಅಂತ 15 ದಿನ ಹೇಳಿದ್ರೆ ಎರಡು ವಾರ, "ದಾಂ ಯುಯಿ ಜೂರ್" ಅಂತ 8 ದಿನ ಹೇಳಿದ್ರೆ ಒಂದು ವಾರ.

ಕಾಫಿ_ಚಿಕ್ಕು
ಗಂಟೆ ವಿಷಯಕ್ಕೂ ಒಂದು ಮಾತು. ಬರೆಯೋದು 24 ಗಂಟೆ ಲೆಕ್ಕದಲ್ಲಿ, 14, 18.30 ಹೀಗೆ. "ಆಂ ಫ್ಯಾಂ ದಾಪ್ರೆಮ್" ಅಂದ್ರೆ ಸಂಜೆ 5ರಿಂದ 7ರ ಆಸುಪಾಸು. ಜೂನ್ ಕೊನೇಲಿ ಪ್ಯಾರಿಸಲ್ಲಿ ಸೂರ್ಯ ಮುಳುಗೋದು ರಾತ್ರಿ ಸುಮಾರು 10ಕ್ಕೆ, ಡಿಸೆಂಬರಲ್ಲಿ ಸಂಜೆ 5ಕ್ಕೂ ಮುಂಚೆ. ಹಾಗಾಗಿ "ಸಂಜೆ ನದಿ ದಂಡೆ" ಅನ್ನೋ ಪ್ಲಾನು ಕಾಲ ನೋಡಿ ಹಾಕಬೇಕು. "ವೆರ್ 19" (7ರ ಸುಮಾರಿಗೆ) ಅಂದ್ರೆ ಹತ್ತು ಹದಿನೈದು ನಿಮಿಷ ಆಚೀಚೆ ನಡೆಯತ್ತೆ. ಮನೆಗೆ ಕರೆದಾಗ ಹತ್ತು ನಿಮಿಷ ತಡವಾಗಿ ಹೋಗೋದೇ ಸೌಜನ್ಯ. ಸ್ಟೇಷನ್ ಹತ್ತಿರ ಸಿಗೋದಾದ್ರೆ ಈ ಲೆಕ್ಕ ಇಲ್ಲ, ರೈಲು ಕಾಯಲ್ಲ.

ನೇರಳೆಮರ
"ತೆ ಶೋ?" ಅನ್ನೋದು ಎಲ್ಲೆಲ್ಲೂ ಕೇಳತ್ತೆ. ಬಳಸಬಹುದಾ?

ಬಿದಿರು_ಮೆಳೆ
ಹೊಸಬರು ಬಿಟ್ಟುಬಿಡಿ ಅಂತೀನಿ. "ಶೋ" ಅಂದ್ರೆ ಬಿಸಿ, "ತೆ ಶೋ ಪೂರ್ ಯೂನ್ ರಾಂದೊ?" ಅಂದ್ರೆ "ಟ್ರೆಕ್ಕಿಗೆ ರೆಡಿನಾ?" ಹುಡುಗಿ ತನ್ನ ಬಗ್ಗೆ ಹೇಳುವಾಗ ವ್ಯಾಕರಣದ ಪ್ರಕಾರ "ಶೋದ್" ಆಗಬೇಕು. "ಜ ಸ್ಯುಯಿ ಶೋದ್" ಅಂತ ಒಂಟಿಯಾಗಿ ಹೇಳಿದ್ರೆ ಕಾಮದ ಅರ್ಥ ಮೊದಲು ಬರತ್ತೆ. "ಪಾರ್ತಾಂ" (ಹುಡುಗಿಗೆ "ಪಾರ್ತಾಂತ್") ಇದೆಯಲ್ಲ, ಅರ್ಥ ಅದೇ, ಯಾವ ತಕರಾರೂ ಇಲ್ಲ.

ಪೇಡೆ_ಪ್ರಿಯ
ಅಷ್ಟ್ಯಾಕ ಹೆದರಸ್ತೀರಿ? ವಿದ್ಯಾರ್ಥಿಗಳ ನಡುವ "ಶೋ" ಬಿಟ್ರ ಮಾತ ನಡಿಯೂದಿಲ್ಲ. "ಪೂರ್" ಅಂತ ಹಚ್ಚಿ ಏನಕ್ಕ ಅಂತ ಹೇಳಿದ್ರ ಹುಡುಗ್ಯಾರೂ ಅಂತಾರ: "ಜ ಸ್ಯುಯಿ ಶೋದ್ ಪೂರ್ ಲ ಪಿಕ್‌ನಿಕ್". ಎಷ್ಟೋ ಹುಡುಗ್ಯಾರು ರೂಪ ಬದಲಿಸದ "ಶೋ" ಅಂತನ ಬರೀತಾರ. ಗುಂಪಿಗೆ "ಕಿ ಎ ಶೋ?" (ಯಾರ್ ಯಾರು ಬರ್ತೀರಿ) ಅಂತ ಕೇಳ್ರಿ, ಯಾವ ಗೊಂದಲಾನೂ ಇಲ್ಲ.

ಖರೇ ಗುಂಡಿ ಬ್ಯಾರೆ ಕಡೆ ಐತಿ. "ಜ ಸ್ಯುಯಿ ಶೋ" ಅಂದ್ರ ಬರ್ತೀನಿ. "ಸೆ ಶೋ" ಅಂದ್ರ ಕಷ್ಟ ಐತಿ. "ಸಮ್ದಿ, ಸೆ ಶೋ ಪೂರ್ ಮ್ವಾ" ಅಂತ ಉತ್ತರ ಬಂತಂದ್ರ ಅಂವ ಬರೂದಿಲ್ಲ ಅಂತ ತಿಳೀರಿ. ಒಂದ ಪದ, ಉಲ್ಟಾ ಉತ್ತರ.

ಬಿದಿರು_ಮೆಳೆ
"ಕಿ ಎ ಶೋ?" ಒಪ್ಪಿದೆ. ಒಬ್ಬರಿಗೊಬ್ಬರು ಕೇಳುವಾಗ ಮಾತ್ರ ನನ್ನ ಮತ "ಪಾರ್ತಾಂ"ಗೇ.

ಉತ್ತರಗಳ ವಿಷಯ ಬಂತಲ್ಲ, ಮುಂದುವರಿಸ್ತೀನಿ. ಗಟ್ಟಿ ಹೌದು: "ಕಾರೆಮಾಂ!", "ಗ್ರಾವ್!", "ಅವೆಕ್ ಪ್ಲೆಜಿರ್". "ಸಾ ಮಾರ್ಶ್" ಅಂದ್ರೆ ಸರಿ, ಆಯ್ತು, ಅಲ್ಲಿಗೆ ಖಾತ್ರಿ. "ಪೂರ್ಕ್ವಾ ಪಾ" ಅಂದ್ರೆ ದನಿ ನೋಡಬೇಕು: ಏರಿದ್ರೆ ಒಪ್ಪಿಗೆ, ಎಳೆದ್ರೆ ಅರೆಮನಸ್ಸು. "ಫೋ ವುವಾರ್", "ಒಂ ವೆರಾ" (ನೋಡೋಣ) ಬಂದ್ರೆ ಅವರನ್ನ ಎಣಿಕೆಗೆ ಹಿಡೀಬೇಡಿ. "ಜ ತ ದಿ ಸಾ" ಅಂದ್ರೆ "ಹೇಳ್ತೀನಿ ತಡಿ". ಹಿಂದಿನ ದಿನದ ತನಕ ಸುದ್ದಿ ಬರದಿದ್ರೆ ಒಂದ್ಸಲ ನೆನಪಿಸೋದು ತಪ್ಪಲ್ಲ. "ಬೋಫ್" ಅಂದ್ರೆ ಅಷ್ಟೇನೂ ಮನಸ್ಸಿಲ್ಲ. "ಸೆ ಮೋರ್" ಅಂದ್ರೆ ಆಗಲ್ಲ, ಮುಗೀತು. "ಜೆ ಲಾ ಫ್ಲೆಮ್" ಅಂದ್ರೆ ಸೋಮಾರಿತನ, ಏಳಕ್ಕೆ ಮನಸ್ಸಿಲ್ಲ. ಗೆಳೆಯರ ನಡುವೆ ಅದು ನೇರವಾಗಿ ಹೇಳಬಹುದಾದ ಕಾರಣ, ಅವಮಾನ ಅಲ್ಲ. "ಸಾ ಮ ದಿ ರಿಯ್ಯಾಂ" ಅನ್ನೋದಕ್ಕೆ ಎರಡು ಅರ್ಥ: ಮನಸ್ಸಿಲ್ಲ ಅಂತಲೂ ಆಗಬಹುದು, ಆ ಹೆಸರೇ ಕೇಳಿಲ್ಲ ಅಂತಲೂ ಆಗಬಹುದು. ಜಾಗದ ಹೆಸರು ಹೇಳಿದಾಗ ಈ ಉತ್ತರ ಬಂದ್ರೆ ನಿರಾಸೆ ಆಗೋ ಮುಂಚೆ ಆ ಜಾಗ ಎಲ್ಲಿದೆ ಅಂತ ವಿವರಿಸಿ ನೋಡಿ.

ಇನ್ನೊಂದು: ಅವರು ನಯವಾಗಿ ಕೇಳೋಕೆ ನಕಾರ ಬಳಸ್ತಾರೆ. "ತಾ ಪಾ ಆಂವಿ ದಾಲೆ ಮಾರ್ಶೆ?" (ನಡೆಯಕ್ಕೆ ಹೋಗೋ ಮನಸ್ಸಿಲ್ವಾ). ಮನಸ್ಸಿದ್ರೆ ಇದಕ್ಕೆ "ವೀ" (ಹೌದು) ಅನ್ನಬೇಡಿ, "ಸಿ!" ಅನ್ನಿ. ನಕಾರದ ಪ್ರಶ್ನೆಯನ್ನ ತಿರುಗಿಸಿ ಹೌದು ಅನ್ನೋ ಪದ ಅದು. ನಮ್ಮಲ್ಲಿ "ಬೇಡ್ವಾ?" ಅಂದ್ರೆ "ಹೂಂ" ಅನ್ನೋದು "ಹೂಂ, ಬೇಡ" ಅಂತಾಗೋದೂ ಉಂಟು. ಆ "ಹೂಂ" ಅಭ್ಯಾಸದಲ್ಲಿ "ವೀ" ಅಂತ ಬಂದುಬಿಟ್ರೆ ಎದುರಿನವರಿಗೆ ಎರಡನೇ ಸಲ ಕೇಳಬೇಕಾಗತ್ತೆ.

ನೀವು ಬೇಡ ಅನ್ನಬೇಕಾದ್ರೆ ಬರೀ "ನೊಂ" ಒರಟು. "ಸೆ ಜಾಂತಿ, ಮೆ ಜ ಪೊ ಪಾ, ಜೆ ಆ್ಯಂ ತ್ರ್ಯುಕ್" (ಕರೆದದ್ದು ಸಂತೋಷ, ಆದರೆ ಆಗಲ್ಲ, ಏನೋ ಕೆಲಸ ಇದೆ). ಕೆಲಸ ಏನು ಅಂತ ಹೇಳಬೇಕಾಗಿಲ್ಲ, ಅವರೂ ಕೇಳಲ್ಲ. ಮುಂದೆ ಕರೀಲಿ ಅಂತಿದ್ರೆ "ಯೂನ್ ಪ್ರೋಶೆನ್ ಫ್ವಾ!" ಸೇರಿಸಿ. ಬರ್ತೀನಿ ಅಂದು ಹೇಳದೆ ಕೇಳದೆ ಕೈಕೊಡೋದಕ್ಕೆ "ಪೋಜೆ ಆ್ಯಂ ಲಪ್ಯಾಂ" ಅಂತಾರೆ, ಅಕ್ಷರಶಃ ಮೊಲ ಇಡೋದು. ಸ್ನೇಹದಲ್ಲಿ ಅದಕ್ಕೆ ಕ್ಷಮೆ ಕಮ್ಮಿ. ಒಂದು ಗಂಟೆ ಮುಂಚೆಯಾದ್ರೂ ಮೆಸೇಜ್ ಹಾಕಿ.

ಗಾರೋನ್_ದಂಡೆ
ತುಲೂಸ್ ಕಡೆ ಬರೋರಿಗೆ ಎರಡು ಮಾತು. ಏರ್‌ಬಸ್ ಇರೋದ್ರಿಂದ ಬೆಂಗಳೂರಿನ ಎಂಜಿನಿಯರ್‌ಗಳಿಗೂ ಈ ಊರಿನ ನಂಟಿದೆ. ಇಲ್ಲಿ ದಿನಬಳಕೆಯ ಹೊರಾಂಗಣ ಪ್ಲಾನ್ ಅಂದ್ರೆ "ಒಂ ಸ ಪೋಜ್ ಆ ಲಾ ಪ್ರೆರಿ ದೆ ಫಿಲ್ತ್ರ್?" ಗಾರೋನ್ ನದಿ ದಂಡೆಯ ಹುಲ್ಲುಹಾಸು ಅದು. "ಸ ಪೋಜೆ" ಅಂದ್ರೆ ಕೂತು ಹರಟೋದು, ಬೇರೇನೂ ಕಾರ್ಯಕ್ರಮ ಇಲ್ಲ. ಪ್ಯಾರಿಸಲ್ಲಿ ಇದೇ ಮಾತಿಗೆ ಬ್ಯುತ್ ಶೋಮೊಂ ಪಾರ್ಕು, ಸ್ಯಾಂ ಮಾರ್ತ್ಯಾಂ ಕಾಲುವೆ, ಸೆನ್ ನದಿಯ ದಂಡೆ. ಲಿಯೋನಲ್ಲಿ ತೆತ್ ದೋರ್ ಪಾರ್ಕು.

ಬೆಟ್ಟದ ಪ್ಲಾನಲ್ಲಿ ನಮ್ಮವರು ಸಿಕ್ಕಿಬೀಳೋದು "ಪತಿತ್" (ಪುಟ್ಟ) ಅನ್ನೋ ಪದಕ್ಕೆ. "ಯೂನ್ ಪತಿತ್ ರಾಂದೊ", "ಆ್ಯಂ ಪತಿ ವೆರ್" (ಒಂದು ಪುಟ್ಟ ಗ್ಲಾಸ್), ಎಲ್ಲದಕ್ಕೂ ಪುಟ್ಟ ಸೇರಿಸೋದು ಮಾತನ್ನ ಹಗುರ ಮಾಡೋಕೆ, ಅಳತೆ ಅಲ್ಲ. ಗ್ರೆನೋಬ್ಲ್ ಅಥವಾ ಪಿರನೀಸ್ ಕಡೆಯವರ ಬಾಯಲ್ಲಿ "ಪತಿತ್ ರಾಂದೊ" ಅಂದ್ರೆ 1000 ಮೀಟರ್ ಏರು ಇರಬಹುದು. ಕೇಳಬೇಕಾದ್ದು ಕಿಲೋಮೀಟರ್ ಅಲ್ಲ, ಏರು: "ಸಾ ಫೆ ಕೊಂಬ್ಯಾಂ ದ ದೆನಿವ್ಲೆ?" ಗಂಟೆಗೆ ಸುಮಾರು 300 ಮೀಟರ್ ಏರು ಅಂತ ಅಲ್ಲಿಯ ಚಾರಣಿಗರ ವಾಡಿಕೆ ಲೆಕ್ಕ. 1000 ಅಂದ್ರೆ ಹತ್ತೋಕೇ ಮೂರು ಗಂಟೆ ಮೇಲೆ, ಇಳಿಯೋದು ಬೇರೆ. 300ರಿಂದ 500 ಅಂದ್ರೆ ಹೊಸಬರಿಗೂ ಆಗತ್ತೆ. ಕಾರಿಲ್ಲದವರು "ತ್ಯು ಪೊ ಮ ರೆಕ್ಯುಪೆರೆ?" (ಬರ್ತಾ ನನ್ನ ಹತ್ತಿಸ್ಕೊಳ್ತೀಯಾ) ಅಂತ ಕೇಳಬಹುದು, ಆದರೆ ಪೆಟ್ರೋಲಿನ ಪಾಲು ಕೊಡ್ತೀನಿ ಅಂತ ನೀವೇ ಮೊದಲು ಹೇಳಿ: "ಒಂ ಪಾರ್ತಾಜ್ ಲೆಸಾಂಸ್".

ಕಾಫಿ_ಚಿಕ್ಕು
ಜಾಗ ಸೂಚಿಸೋ ಮುಂಚೆ ಅಲ್ಲಿಯ ನಿಯಮ ನೋಡ್ಕೊಳೋದು ಸೂಚಿಸಿದವರ ಕೆಲಸ. ಮಾರ್ಸೆಯ್ ಹತ್ತಿರದ ಕಲಾಂಕ್ ಕೊರಕಲುಗಳಿಗೆ ಬೇಸಿಗೇಲಿ ಕಾಡ್ಗಿಚ್ಚಿನ ಅಪಾಯ ನೋಡಿ ದಿನದಿನಕ್ಕೂ ಪ್ರವೇಶ ತೀರ್ಮಾನ ಮಾಡ್ತಾರೆ. ಅವುಗಳಲ್ಲೊಂದಾದ ಸ್ಯುಜಿತೊಂ ಕೊರಕಲಿಗೆ 2022ರಿಂದ ಜನಜಂಗುಳಿಯ ದಿನಗಳಲ್ಲಿ ಮುಂಗಡ ನೋಂದಣಿ ಬೇಕು, ದಿನಕ್ಕೆ 400 ಜನ, ದುಡ್ಡಿಲ್ಲ. ಎಂಟು ಜನ ಒಟ್ಟು ಮಾಡಿ ಬಾಗಿಲಲ್ಲಿ ವಾಪಸ್ ಬರೋದಕ್ಕಿಂತ ಹಿಂದಿನ ಸಂಜೆ ಫೋನಲ್ಲಿ ನೋಡೋದು ಮೇಲು. ಪ್ಯಾರಿಸಿನ ಪಾರ್ಕುಗಳಲ್ಲಿ ಬಾರ್ಬೆಕ್ಯೂ ಇಲ್ಲ. ಪ್ಯಾರಿಸ್ ಹತ್ತಿರದ ಫೋಂತೆನ್‌ಬ್ಲೋ ಕಾಡಲ್ಲಿ ಬೆಂಕಿ ಹಚ್ಚೋ ಹಾಗಿಲ್ಲ. ಮೆರ್ಕಾಂತೂರ್, ಎಕ್ರ್ಯಾಂ ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದು ರಾತ್ರಿ ಟೆಂಟ್ ಹಾಕೋಕೆ (ಬಿವ್ವಾಕ್) ಸಂಜೆ 7ರಿಂದ ಬೆಳಗ್ಗೆ 9ರವರೆಗೆ ಬಿಡ್ತಾರೆ, ಅದೂ ರಸ್ತೆ ಅಥವಾ ಉದ್ಯಾನದ ಗಡಿಯಿಂದ ಒಂದು ಗಂಟೆ ನಡಿಗೆ ದಾಟಿದ ಮೇಲೆ. ಕಲಾಂಕಲ್ಲಿ ಅದೂ ಇಲ್ಲ.

ಈಜೋ ಪ್ಲಾನಿಗೆ "ಒಂ ವಾ ಪಿಕೆ ಯೂನ್ ತೆತ್?" ಅಂತಾರೆ. ಒಂದು ಮುಳುಗು ಹಾಕಿ ಬರೋದು. ಪ್ಯಾರಿಸಲ್ಲಿ 2025ರ ಜುಲೈನಿಂದ ಸೆನ್ ನದೀಲೇ ಮೂರು ಕಡೆ ಸಾರ್ವಜನಿಕರಿಗೆ ಈಜಕ್ಕೆ ಬಿಟ್ಟಿದ್ರು, ಬೇಸಿಗೇಲಿ ಮಾತ್ರ. ಮಳೆ ಬಂದು ನೀರು ಕೆಟ್ಟರೆ ಆ ದಿನ ಮುಚ್ಚಿಬಿಡ್ತಾರೆ.

ನೇರಳೆಮರ
ಊಟದ್ದು ಹೇಗೆ? ಮಾಂಸ ತಿನ್ನದವರು, ಕುಡಿಯದವರು ಅದನ್ನ ಯಾವಾಗ ಹೇಳೋದು? ಅಪೆರೊ ಅಂದ್ರೆ ಕುಡಿಯೋದೇ ಅಲ್ವಾ?

ಶೆಟ್ರ_ಬೊಂಡ
ಅಪೆರೊ ಅಂದ್ರೆ ರಾತ್ರಿ ಊಟಕ್ಕೆ ಮುಂಚೆ ಸೇರುದು, ಹೆಚ್ಚಾಗಿ 6.30ರಿಂದ 8ರ ಒಳಗೆ. ಕುಡಿಯುದು ಇರ್ತದೆ, ಕುಡಿಯಲೇಬೇಕು ಅಂತ ಇಲ್ಲ. "ಜ ಬ್ವಾ ಪಾ, ಜ ರಮೆನ್ ದೆ ಜ್ಯುಯಿ" (ನಾನು ಕುಡಿಯುದಿಲ್ಲ, ಜ್ಯೂಸ್ ತರ್ತೇನೆ) ಅಂದ್ರೆ ಮುಗೀತು. ಪಾರ್ಕಲ್ಲಾದ್ರೆ ಚಿಪ್ಸ್, ಹುಮ್ಮುಸ್, ಚೆರ್ರಿ ಟೊಮೆಟೊ, ಬಗೆತ್ ಬ್ರೆಡ್ಡು, ಚೀಸ್ ಇಷ್ಟೇ. ಪೂರ್ತಿ ಊಟ ಅಂತ ಭಾವಿಸಿ ಹಸ್ಕೊಂಡು ಹೋಗ್ಬೇಡಿ.

ಪಿಕ್‌ನಿಕ್ಕಿಗೆ "ಶಾಕ್ಯಾಂ ರಮೆನ್ ಆ್ಯಂ ತ್ರ್ಯುಕ್" (ಒಬ್ಬೊಬ್ಬರು ಒಂದೊಂದು ತರುದು) ಅಂತ ಹೇಳ್ತಾರೆ. ಇಂಥಾ ಕೂಟಕ್ಕೆ "ಓಬೆರ್ಜ್ ಎಸ್ಪಾನ್ಯೋಲ್" ಅಂತ ಹೆಸರು. ಏನೂ ತರದೆ ಬರುದು ಚಂದ ಅಲ್ಲ. "ಜ ರಮೆನ್ ಕ್ವಾ?" ಅಂತ ಕೇಳಿ. "ರಿಯ್ಯಾಂ" (ಏನೂ ಬೇಡ) ಅಂದ್ರೂ ಏನಾದ್ರೂ ಹಿಡ್ಕೊಂಡೇ ಹೋಗಿ. ಚಿತ್ರಾನ್ನ ಒಳ್ಳೆ ಆಯ್ಕೆ, ತಣ್ಣಗಾದ್ರೂ ತಿನ್ಬಹುದು. ಖಾರ ಅರ್ಧ ಮಾಡಿ, ಕಡ್ಲೆಬೀಜ ಉಂಟು ಅಂತ ಮೊದ್ಲೇ ಹೇಳಿ, ಅಲರ್ಜಿಯವರು ಇರ್ತಾರೆ.

ಶಾಕಾಹಾರಿ ಅಂತ ಹೇಳುವಾಗ "ವೆಜೆ" ಒಂದೇ ಸಾಕಾಗುದಿಲ್ಲ. ಮೀನು ನಡೀತದೆ ಅಂತ ತಿಳಿಯುವವರು ಇದ್ದಾರೆ. "ನಿ ವಿಯಾಂದ್ ನಿ ಪ್ವಾಸ್ಸೊಂ" (ಮಾಂಸನೂ ಇಲ್ಲ ಮೀನೂ ಇಲ್ಲ) ಅನ್ನಿ. ಕಿಶ್ (ಮೊಟ್ಟೆ, ಕ್ರೀಮ್ ಹಾಕಿ ಬೇಯಿಸಿದ ತಿಂಡಿ), ಸಲಾಡ್ ತೆಗೊಳ್ಳುವಾಗ "ಯಾ ದೆ ಲಾರ್ದೊಂ?" (ಹಂದಿ ಚೂರು ಉಂಟಾ) ಅಂತ ಕೇಳ್ಲೇಬೇಕು. ಹೇಳುದು ಪ್ಲಾನ್ ಬಿಗಿ ಆಗುವಾಗ, ತಟ್ಟೆ ಮುಂದೆ ಬಂದ ಮೇಲೆ ಅಲ್ಲ.

ಮೇಪಲ್_ಮೈಸೂರು
ಕೆನಡಾದ ಫ್ರೆಂಚ್ ಪ್ರಾಂತ್ಯ ಕೆಬೆಕ್‌ಗೆ ಹೋಗೋರು ಯಾರಾದ್ರೂ ಓದ್ತಿದ್ರೆ: ಮಾಂಟ್ರಿಯಲಲ್ಲಿ "ಸಾ ತ ತಾಂತ್ ತ್ಸ್ಯು?" ಅಂತ ಕೇಳತ್ತೆ. ಕೊನೇ "ತ್ಸ್ಯು" ನೀನು ಅಲ್ಲ, ನಮ್ಮ "-ಆ?" ಥರ ಪ್ರಶ್ನೆ ಮಾಡೋ ಬಾಲ. "ತ್ಯು" ಅನ್ನೋದು ಅಲ್ಲಿ "ತ್ಸ್ಯು", "ದಿ" ಅನ್ನೋದು "ದ್ಸಿ". ವಾರಾಂತ್ಯ "ಫ್ಯಾಂ ದ ಸಮೆನ್". ನಡೆಯಕ್ಕೆ ಹೋಗೋದು "ಪ್ರಾಂದ್ರ್ ಯೂನ್ ಮಾರ್ಶ್". ಇದನ್ನ ಪ್ಯಾರಿಸಲ್ಲಿ ಹೇಳಿದ್ರೆ ಮೆಟ್ಟಿಲು ತಗೊಳ್ತೀಯಾ ಅಂತ ಕೇಳಿಸ್ಬಹುದು. ಎಲ್ಲಕ್ಕಿಂತ ಮುಖ್ಯ: ಕೆಬೆಕ್, ಬೆಲ್ಜಿಯಂ, ಸ್ವಿಟ್ಜರ್ಲೆಂಡಲ್ಲಿ "ದಿನೆ" ಅಂದ್ರೆ ಮಧ್ಯಾಹ್ನದ ಊಟ, "ಸೂಪೆ" ರಾತ್ರಿದು. ಫ್ರಾನ್ಸಲ್ಲಿ "ದಿನೆ" ರಾತ್ರಿ ಊಟ. ಗಂಟೆ ಬರೆಯದೆ "ಒಂ ದಿನ್ ಆಂಸಾಂಬ್ಲ್" ಅಂತ ಒಪ್ಕೊಂಡ್ರೆ ಒಬ್ಬರು ಏಳು ಗಂಟೆ ಕಾಯ್ತಾರೆ.

ನೇರಳೆಮರ
ಇಷ್ಟೆಲ್ಲ ಓದಿ ಗುಂಪಿಗೆ ಕಳಿಸೋ ಥರ ಒಂದು ಮೆಸೇಜ್ ಕಟ್ಟಿದೀನಿ, ತಿದ್ದಿಕೊಡಿ: "ಬೋಂಜೂರ್! ಎಸ್ ಕ ವೂ ವೂಲೆ ಸೋರ್ತಿರ್ ಅವೆಕ್ ಮ್ವಾ ಆ ಫೋಂತೆನ್‌ಬ್ಲೋ ಲ ದಿಮಾಂಶ್? ಜ ವೂ ಜ್ಯಾಂವಿತ್."

ಪೇಡೆ_ಪ್ರಿಯ
ಬೇಕಂತಲೇ ಎಲ್ಲಾ ಗುಂಡಿನೂ ಸೇರಿಸೀರಿ ಕಾಣ್ತದ. "ಪ್ರತಿ ಭಾನುವಾರ ನನ್ನ ಜೋಡಿ ಪ್ರೀತಿ ಮಾಡಾಕ ಬರ್ರಿ, ಖರ್ಚೆಲ್ಲಾ ನಂದು" ಅಂದಂಗ ಆತು.

ಬಿದಿರು_ಮೆಳೆ
ಹೀಗೆ ಕಳಿಸಿ:

"ಸಾಲ್ಯು ಲೆ ಜಾಂ! ಸಾ ವೂ ದಿ ಯೂನ್ ಪತಿತ್ ರಾಂದೊ ಆ ಫೋಂತೆನ್‌ಬ್ಲೋ ದಿಮಾಂಶ್? ದೆಪಾರ್ ಗಾರ್ ದ ಲಿಯೊಂ ವೆರ್ 9 ಅರ್, ರತೂರ್ ವೆರ್ 18 ಅರ್. 12 ಕಿಲೊಮೆತ್ರ್, ಪಾ ಬೋಕೂ ದ ದೆನಿವ್ಲೆ. ಶಾಕ್ಯಾಂ ರಮೆನ್ ಸೊಂ ಪಿಕ್‌ನಿಕ್. ಸಿಲ್ ಪ್ಲೊ, ಒಂ ಸ ಫೆ ಆ್ಯಂ ಸಿನೆ. ಕಿ ಎ ಶೋ?"

ಅಂದ್ರೆ: ಹಾಯ್ ಎಲ್ಲರಿಗೂ, ಭಾನುವಾರ ಫೋಂತೆನ್‌ಬ್ಲೋಗೆ ಪುಟ್ಟ ಟ್ರೆಕ್ ಹೋಗೋಣ್ವಾ? ಪ್ಯಾರಿಸಿನ ಗಾರ್ ದ ಲಿಯೋಂ ಸ್ಟೇಷನ್ನಿಂದ 9ರ ಸುಮಾರಿಗೆ ಹೊರಟು 6ಕ್ಕೆ ವಾಪಸ್. 12 ಕಿಲೋಮೀಟರ್, ಏರು ಜಾಸ್ತಿ ಇಲ್ಲ. ಅವರವರ ಬುತ್ತಿ ಅವರವರು ತರೋದು. ಮಳೆ ಬಂದ್ರೆ ಸಿನಿಮಾ. ಯಾರ್ ಯಾರು?

"ಸಿಲ್ ಪ್ಲೊ" (ಮಳೆ ಬಂದ್ರೆ) ಅನ್ನೋದು ವರ್ತಮಾನದಲ್ಲೇ ಇದೆ ಗಮನಿಸಿ. ನಿಜವಾಗಿ ಆಗಬಹುದಾದ ಷರತ್ತಿಗೆ "ಸಿ" ಆದ ಮೇಲೆ ವರ್ತಮಾನ, ಸಲಹೆ ಕೊಡೋ "ಎ ಸಿ ಒಂನಾಲೆ"ಗೆ ಆ್ಯಂಪಾರ್ಫೆ. ಹಿಂದಿನ ದಿನ "ಲಾ ಮೆತೆಯೊ ಎ ಪಾ ತೆರಿಬ್ಲ್" ಅಂತ ಯಾರಾದ್ರೂ ಬರೆದ್ರೆ ಹವಾಮಾನ ಭಯಂಕರ ಏನಿಲ್ಲ ಅಂತ ಖುಷಿ ಪಡಬೇಡಿ, ಚೆನ್ನಾಗಿಲ್ಲ ಅಂತ ಅರ್ಥ.

ಕಾಫಿ_ಚಿಕ್ಕು
ರೈಲಿನ ವಿವರ ಸೇರಿಸ್ತೀನಿ. ಗಾರ್ ದ ಲಿಯೋಂ ಇಂದ ಆರ್ ಲೈನ್, ಇಳಿಯೋದು ಫೋಂತೆನ್‌ಬ್ಲೋ ಅವೊಂ, ಸುಮಾರು 40 ನಿಮಿಷ. 2025ರ ಜನವರಿಯಲ್ಲಿ ಪ್ಯಾರಿಸ್ ಪ್ರಾಂತ್ಯದ ಮೆಟ್ರೊ, ರೈಲಿಗೆಲ್ಲ ಒಂದೇ ದರ ಮಾಡಿದ್ರು, ಆಗ 2.50 ಯೂರೊ, ಟಿಕೆಟ್ಟನ್ನ ಪ್ರಯಾಣದ ಕಾರ್ಡಿಗೆ ತುಂಬಿಸ್ಕೊಂಡು ಹೋಗಿ. ಬರೋವಾಗಿನ ಟಿಕೆಟ್ಟೂ ಹೊರಡೋ ಮುಂಚೇನೇ ತುಂಬಿಸಿಡಿ. ಭಾನುವಾರ ಸಂಜೆ ಅಲ್ಲಿ ಯಂತ್ರದ ಮುಂದೆ ಬಂಡೆ ಹತ್ತೋರ (ಬಿದ್ರೆ ಪೆಟ್ಟಾಗದಿರಲಿ ಅಂತ ತರೋ) ದಪ್ಪ ಹಾಸಿಗೆಗಳ ಸಾಲೇ ನಿಂತಿರತ್ತೆ. ಸಿಗೋ ಜಾಗ "ಗಾರ್ ದ ಲಿಯೋಂ" ಅಂತಷ್ಟೇ ಬರೆದ್ರೆ ಆ ಸ್ಟೇಷನ್ನಲ್ಲಿ ಒಬ್ಬರನ್ನೊಬ್ಬರು ಹುಡುಕೋಕೇ ಒಂದು ರೈಲು ತಪ್ಪತ್ತೆ. "ಸೂ ಲೊರ್ಲೋಜ್" (ಗಡಿಯಾರ ಗೋಪುರದ ಕೆಳಗೆ) ಅಂತ ಸೇರಿಸಿ, ರೈಲಿಗಿಂತ 20 ನಿಮಿಷ ಮುಂಚಿನ ಹೊತ್ತು ಕೊಡಿ.